ಎರಡನೇ ಸಹಿ

ಸೋಮವಾರ ಹೊಸ ಕೆಲಸಕ್ಕೆ ಹಾಜರಾಗಬೇಕು. ಹೆಂಡತಿ ಮತ್ತು ಎಂಟು ತಿಂಗಳ ಮಗಳು ಇರುವ ಊರಿನಲ್ಲೇ ಸಿಕ್ಕಿದ ಕೆಲಸ. ಮಗಳು ನನ್ನ ಮುಖ ಕಂಡರೆ ಅಳುತ್ತಾಳೆ. ಇನ್ನೆರಡು ವರ್ಷ ಹೀಗೇ ಆದರೆ ನನ್ನನ್ನು ಯಾರೋ ಮಾಮ ಅಂದುಕೊಂಡರೂ ಆಶ್ಚರ್ಯವಿಲ್ಲ. ಆದರೆ ನನ್ನ ಮೂಲ ಪ್ರಮಾಣಪತ್ರಗಳು ನಾನೀಗ ರಿಪೇರಿ ಕೆಲಸ ಮಾಡುವ ಲಿಫ್ಟ್ ಕಂಪನಿಯ ಬೀರುವಿನಲ್ಲಿ ಕೂತಿವೆ. ಮೂರು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ ಆರು ತಿಂಗಳ ತರಬೇತಿಯ ಖರ್ಚು ಕಟ್ಟಿಕೊಡುತ್ತೇನೆ ಎಂದು ಸೇರುವಾಗ ಬಾಂಡಿಗೆ ಸಹಿ ಹಾಕಿದ್ದೆ. ಆ ಖರ್ಚು ಎಂದರೆ ನನ್ನ ಒಂದು ವರ್ಷದ ಸಂಬಳ.

ಅಕ್ಕ ವಕೀಲೆ. ಬಾಂಡನ್ನು ಎರಡು ಸಲ ಓದಿ ಕನ್ನಡಕ ತೆಗೆದಳು.

"ಬರೆದಿದ್ದಾರೆ ಅಂದ ಮಾತ್ರಕ್ಕೆ ಅಷ್ಟೂ ಕೊಡಬೇಕು ಅಂತಿಲ್ಲ ಕಣೋ. ನಿಜವಾಗ್ಲೂ ಕಲಿಸಿರಬೇಕು, ಅದಕ್ಕೆ ನಿಜವಾಗ್ಲೂ ಖರ್ಚು ಮಾಡಿರಬೇಕು. ಎಷ್ಟು ದಿನ ಕಲಿಸಿದ್ರು?"

"ಹನ್ನೊಂದು ದಿನ. ಆಮೇಲೆ ಒಬ್ಬನೇ ಹೋಗ್ತಿದ್ದೆ."

"ಅದಕ್ಕೆ ದಾಖಲೆ?"

ದಾಖಲೆ ಇತ್ತು. ಪ್ರತಿ ಕಟ್ಟಡದ ನೆತ್ತಿಯಲ್ಲಿ ಲಿಫ್ಟಿನ ಮೋಟಾರು ಕೋಣೆ, ಅದರ ಬಾಗಿಲ ಹಿಂದೆ ದಾರ ಕಟ್ಟಿ ನೇತುಹಾಕಿದ ಪುಸ್ತಕ. ರಿಪೇರಿಗೆ ಬಂದವರು ತಾರೀಕು ಬರೆದು ಸಹಿ ಹಾಕಬೇಕು. ಗುರುವಾರ ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಓಡಿದೆ. ಮೊದಲ ಪುಸ್ತಕ ತೆರೆದರೆ ಪ್ರತಿ ಪುಟದಲ್ಲೂ ಎರಡೆರಡು ಸಹಿ.

ಒಬ್ಬನೇ ಲಿಫ್ಟಿನ ಗುಂಡಿಗೆ ಇಳಿಯಬಾರದು ಎಂಬುದು ನಿಯಮ, ಹಾಗಾಗಿ ಎರಡು ಸಹಿ ಬೇಕು. ನನಗೆ ಕಲಿಸಬೇಕಿದ್ದ ಮೇಸ್ತ್ರಿಗೆ ಬೇರೆ ಇಪ್ಪತ್ತು ಕಟ್ಟಡಗಳ ಉಸಾಬರಿ. "ನಂದೂ ಒಂದು ಹಾಕ್ಬಿಡಪ್ಪ," ಎಂದು ಫೋನಿನಲ್ಲೇ ಹೇಳಿಬಿಡುತ್ತಿದ್ದರು. ಹಾಕುತ್ತಿದ್ದೆ. ಅವರ ಸಹಿಯ ಬಾಲವನ್ನೂ ತಪ್ಪದೆ ಎಳೆಯುತ್ತೇನೆಂದು ಬೀಗಿದ್ದೂ ಉಂಟು. ನನ್ನ ಕೈಯಾರೆ ತರಬೇತಿಯ ಆರು ತಿಂಗಳೂ ಪುಸ್ತಕದಲ್ಲಿ ಮೇಸ್ತ್ರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದೆ. ಒಂದಾದರೂ ಪುಟದಲ್ಲಿ ಮರೆತಿರಬಹುದು ಎಂದು ಉಳಿದ ಹದಿಮೂರು ಕಟ್ಟಡಗಳನ್ನೂ ಹತ್ತಿಳಿದೆ. ಹಾಳಾದ ಶಿಸ್ತು, ಎಲ್ಲೂ ಮರೆತಿರಲಿಲ್ಲ.

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅದರಿಂದಲೇ ಇನ್ನಷ್ಟು ಕಸಿವಿಸಿಯಾಯಿತು.

ಶುಕ್ರವಾರ ಅಕ್ಕನೂ ನನ್ನ ಜೊತೆ ಕಂಪನಿಗೆ ಬಂದಳು. ಏಳನೇ ಮಹಡಿಯ ಕಚೇರಿಯಲ್ಲಿ ಮ್ಯಾನೇಜರು ಆ ಪುಟಗಳ ಜೆರಾಕ್ಸ್ ಕಟ್ಟನ್ನು ಮುಂದೆ ತಳ್ಳಿದರು. "ದಿನಾ ಮೇಸ್ತ್ರಿ ಜೊತೆಗಿದ್ದಾರೆ ನೋಡಿ. ಇದು ತರಬೇತಿ ಅಲ್ವಾ?"

"ಎರಡನೇ ಸಹಿನೂ ನಂದೇ," ಎಂದೆ.

"ಹಾಗಾದ್ರೆ ಸುಳ್ಳು ದಾಖಲೆ. ನಿಮ್ಮ ಲೈಸೆನ್ಸ್ ಹೋಗತ್ತೆ, ಗೊತ್ತಾ?"

"ಹೋಗ್ಲಿ ಬಿಡಿ," ಎಂದಳು ಅಕ್ಕ. "ಏನೂ ಗೊತ್ತಿಲ್ಲದವನ ಕೈಗೆ ಹದಿನಾಲ್ಕು ಕಟ್ಟಡದ ಲಿಫ್ಟ್ ಕೊಟ್ಟಿದ್ರಿ ಅಂತ ನಾವೂ ಬರೆದುಕೊಡ್ತೀವಿ. ಅಲ್ಲಿರೋ ಜನ ಓದ್ಲಿ. " ನನ್ನ ಕಡೆ ತಿರುಗಿದಳು. "ಏನೋ, ನಿಂಗೆ ಏನಾದ್ರೂ ಗೊತ್ತಿತ್ತಾ?"

ಬ್ರೇಕಿನ ಸದ್ದು ಕೇಳಿಯೇ ಅದು ಸವೆದಿದೆಯೋ ಇಲ್ಲವೋ ಹೇಳಬಲ್ಲವನು ನಾನು. ಯಾರೂ ಕಲಿಸದೆ, ಜೀವ ಕೈಯಲ್ಲಿ ಹಿಡಿದು ಕಲಿತದ್ದು. ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಏನೂ ಗೊತ್ತಿರಲಿಲ್ಲ," ಎಂದೆ.

ಮ್ಯಾನೇಜರು ಜೆರಾಕ್ಸ್ ಕಟ್ಟನ್ನು ತಮ್ಮ ಕಡೆಗೇ ಎಳೆದುಕೊಂಡರು. ಆಮೇಲೆ ಎದ್ದು ಬೀರು ತೆರೆದರು. ಬಾಂಡು ರದ್ದು ಎಂದು ಬರೆದುಕೊಟ್ಟು, ಪ್ರಮಾಣಪತ್ರಗಳಿದ್ದ ನನ್ನ ಫೈಲನ್ನು ಮೇಜಿನ ಮೇಲೆ ಇಟ್ಟರು.

ಹೊರಗೆ ಬಂದು ಲಿಫ್ಟಿನ ಬಟನ್ ಒತ್ತಿದೆ. ಬಾಗಿಲು ತೆರೆಯಿತು. ಅಕ್ಕ ಒಂದು ಕಾಲು ಒಳಗಿಟ್ಟವಳು ನಿಂತಳು.

"ಈ ಕಟ್ಟಡಾನೂ ನಿನ್ನ ಹದಿನಾಲ್ಕರಲ್ಲಿ ಸೇರಿತ್ತಾ?"

"ಹೂಂ."

ಕಾಲು ಹಿಂದೆಗೆದು, "ನಾನು ಮೆಟ್ಟಿಲಲ್ಲೇ ಬರ್ತೀನಪ್ಪ," ಎಂದು ನಡೆದಳು.

"ಅಕ್ಕ, ಒಳಗೆ ಹೇಳಿದ್ದು ಸುಳ್ಳು. ನಂಗೆ ಕೆಲಸ ಚೆನ್ನಾಗಿ ಗೊತ್ತು," ಎಂದು ಹಿಂದಿನಿಂದ ಕೂಗಿದೆ.

ಅವಳು ಮೆಟ್ಟಿಲ ತಿರುವಿನಲ್ಲಿ ನಿಂತು ತಲೆಯೆತ್ತಿದಳು. "ಹಾಗಿದ್ರೆ ಹೋಗಿ ಆ ಫೈಲು ವಾಪಸ್ ಕೊಟ್ಟು ಬಾ."

ನಾನು ಫೈಲನ್ನು ಕಂಕುಳಲ್ಲಿ ಅವುಚಿಕೊಂಡು ಅವಳ ಹಿಂದೆಯೇ ಮೆಟ್ಟಿಲಿಳಿದೆ.