ಹಾಜಿಯಮ್ಮನ ಕಫನ್ ಲಾಂಡ್ರಿಗೆ ಹೋದದ್ದು

ನಮ್ಮ ಹೋಟೆಲಿನ ಕಿಟಕಿಗಳಲ್ಲಿ ಮೂರು ಜಾತಿ. ಕಾಬಾ ಪೂರ್ತಿ ಕಾಣುವುದು, ಅರ್ಧ ಕಾಣುವುದು, ಪಕ್ಕದ ಹೋಟೆಲಿನ ಅಡುಗೆಮನೆ ಕಾಣುವುದು. ದೇವರು ಮೂರು ಕಡೆಗೂ ಇದ್ದಾನೆ ಎಂದರೆ ಅತಿಥಿಗಳು ರಸೀದಿ ತೋರಿಸುತ್ತಾರೆ. ನಾನು ಮಕ್ಕಾದಲ್ಲೇ ಹುಟ್ಟಿದವನು, ಅದ್ನಾನ್ ಫತಾನಿ. ನಮ್ಮಜ್ಜ ಯಾತ್ರಿಕರನ್ನು ಮನೆಯ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗಿಸುತ್ತಿದ್ದ. ಅವರು ಅವನಿಗಾಗಿ ದುಆ ಮಾಡಿ ಹೋಗುತ್ತಿದ್ದರು. ನಾನು ಹಂಸತೂಲಿಕಾತಲ್ಪದ ಮೇಲೆ ಮಲಗಿಸುತ್ತೇನೆ. ದಿಂಬು ಅತಿ ಮೆತ್ತಗಾಯಿತು ಎಂದು ಜಗಳಕ್ಕೆ ಬರುತ್ತಾರೆ. ಹಗಲು ಪಾಳಿಯ ಮ್ಯಾನೇಜರ್ ಆದ್ದರಿಂದ ಎಲ್ಲ ದೂರುಗಳೂ ನನ್ನ ಮೇಜಿಗೇ ಬರುತ್ತವೆ.

ಇನ್ಶಿರಾ ಹಾಜಿಯಮ್ಮ ಮಾತ್ರ ಬಂದಾಗಿನಿಂದ ಒಂದು ದೂರೂ ಕೊಟ್ಟಿರಲಿಲ್ಲ. ಈಜಿಪ್ಟಿನ ಮಹಲ್ಲಾದವರು. ಮಗ ರಾಫತ್‌ಗೆ ಟೈಲ್ಸ್ ಕಾರ್ಖಾನೆಯಿದೆ. ತಾಯಿ ಜನಜಂಗುಳಿಯಲ್ಲಿ ನೂಕಾಡಬಾರದೆಂದು ಕಾಬಾ ಪೂರ್ತಿ ಕಾಣುವ ಕೋಣೆಯನ್ನೇ ಹಿಡಿದಿದ್ದ. ಹಿಡಿದುಕೊಟ್ಟು, ತಾನು ಕೆಳಗೆ ಲಾಬಿಯಲ್ಲಿ ಕೂತು ಫೋನಿನಲ್ಲಿ ಟೈಲ್ಸ್ ಮಾರುತ್ತಿದ್ದ. ಹಾಜಿಯಮ್ಮ ಕೇಳುತ್ತಿದ್ದುದು ಒಂದೇ, ಝಮ್‌ಝಮ್ ಬಾವಿಯ ಪವಿತ್ರ ನೀರಿನ ಬಾಟಲಿ. ಕಳಿಸಿದಷ್ಟೂ ಮತ್ತೆ ಕೇಳುತ್ತಿದ್ದರು. ಮುದುಕಿಗೆ ಅದೆಂಥಾ ದಾಹವೋ ಎಂದು ರೂಮ್ ಸರ್ವೀಸಿನವರು ಮರುಗಿದರು.

ಅವತ್ತು ಸಂಜೆಯ ಅಸರ್ ನಮಾಜು ಮುಗಿದ ಮೇಲೆ ಅವರು ಹೋಟೆಲಿನ ಚಪ್ಪಲಿಯಲ್ಲೇ ಲಿಫ್ಟಿಳಿದು ಬಂದು ನನ್ನ ಮೇಜಿನ ಮೇಲೆ ಬಾಗಿದರು.

"ಮಗಾ, ಗಟ್ಟಿಯಾಗಿ ಹೇಳೋ ಮಾತಲ್ಲ. ನನ್ನ ಕಫನ್ ಕಾಣ್ತಿಲ್ಲ."

ಈ ಕೆಲಸದಲ್ಲಿ ನಾನು ಅತಿಥಿಗಳ ಹಲ್ಲಿನ ಸೆಟ್ಟು, ಬಂಗಾರದ ಬಳೆ, ಒಮ್ಮೆ ಒಬ್ಬಾಕೆಯ ಗಂಡನನ್ನೂ ಹುಡುಕಿಕೊಟ್ಟಿದ್ದೇನೆ. ಹೆಣಕ್ಕೆ ಹೊದಿಸುವ ಬಟ್ಟೆಯನ್ನು, ಅದರ ಯಜಮಾನಿಯೇ ಎದುರಿಗೆ ನಿಂತು ಕೇಳಿದ್ದು ಇದೇ ಮೊದಲು.

"ಎಲ್ಲಿಟ್ಟಿದ್ರಿ ಹಾಜಿಯಮ್ಮ?"

"ಆ ಬಿಳೀ ಸ್ನಾನದ ತೊಟ್ಟೀಲಿ ನೆನೆಹಾಕಿದ್ದೆ, ಝಮ್‌ಝಮ್ ನೀರಲ್ಲಿ. ಮಧ್ಯಾಹ್ನದ ನಮಾಜಿಗೆ ಹೋಗಿ ಬರೋದ್ರೊಳಗೆ ತೊಟ್ಟಿ ಖಾಲಿ, ಥಳಥಳ ಹೊಳೀತಿದೆ. ಆಗಿಂದ ಮಂಚದ ಕೆಳಗೂ ಹುಡುಕ್ದೆ."

ನಮ್ಮ ಎಲ್ಲ ಬಚ್ಚಲುಗಳಲ್ಲೂ ಒಂದು ಫಲಕವಿದೆ: ಟವೆಲನ್ನು ನೇತುಹಾಕಿದರೆ ಮತ್ತೆ ಬಳಸುತ್ತೀರೆಂದು ಅರ್ಥ, ತೊಟ್ಟಿಯಲ್ಲಿ ಹಾಕಿದರೆ ಒಗೆಯಬೇಕೆಂದು ಅರ್ಥ. ನೀರು ಉಳಿಸುವ ಉಪಾಯವೆಂದು ಅದನ್ನು ಬರೆಸಿದವನು ನಾನೇ. ಕೋಣೆ ಚೊಕ್ಕಟ ಮಾಡುವ ಹುಡುಗಿ ಫಲಕ ಹೇಳಿದಂತೆಯೇ ಮಾಡಿದ್ದಳು.

"ಚಿಂತೆ ಬೇಡಿ. ಸಿಗ್ಲಿಲ್ಲ ಅಂದ್ರೆ ಹೊಸದು, ಒಳ್ಳೇ ನೂಲಿಂದು..."

"ನಿನ್ನ ಒಳ್ಳೇ ನೂಲು ನೀನೇ ಹೊದ್ಕೋ. ನಮ್ಮೆಜಮಾನ್ರು ಮಹಲ್ಲಾ ಗಿರಣೀಲಿ ನೇಯ್ತಿದ್ರು. ಕಡೇದಾಗಿ ನೇಯ್ದ ಬಟ್ಟೆ ತಾನನ್ನ ಮನೆಗೆ ತಂದಿಟ್ರು. ಅರ್ಧ ಅವ್ರ ಜೊತೆ ಹೋಯ್ತು, ಇನ್ನರ್ಧ ನಂದು. ನಾಳೆ ಎಲ್ರೂ ಗೋರಿಯಿಂದ ಏಳೋ ದಿನ, ಅಷ್ಟು ಜನರಲ್ಲಿ ಅವ್ರು ನನ್ನ ಗುರುತು ಹಿಡೀಬೇಡ್ವೇನಪ್ಪ? ಕನ್ನಡಕ ಇಟ್ಟು ಹೂತಿಲ್ಲ ನಾವು."

ಹೋಟೆಲ್ ಶಾಲೆಯಲ್ಲಿ ಇದನ್ನು ಕಲಿಸುವುದಿಲ್ಲ.

"ಗುರುತೇನಾದ್ರೂ ಇದೆಯಾ?"

"ಅಂಚಲ್ಲಿ ಒಂದೆಳೆ ನೀಲಿ ನೂಲು. ಆಮೇಲೆ, ರಾಫತ್‌ಗೆ ತಿಳೀಬಾರ್ದು. ನಾನು ಸಾವಿನ ಮಾತೆತ್ತಿದ್ರೆ ಸಾಕು, ಮಾತು ಬದಲಾಯಿಸ್ತಾನೆ. ಹೋದ್ಸಲ ಗೋರಿ ಅಂದೆ, ಹೃದಯದ ಡಾಕ್ಟರನ್ನ ಕರೆಸ್ದ. ಅದಕ್ಕೂ ಮುಂಚೆ ಅಂದಿದ್ದೆ, ಟೀವಿ ತಂದ."

ಪುಣ್ಯಕ್ಕೆ ರಾಫತ್ ಆಗ ಲಾಬಿಯಲ್ಲಿರಲಿಲ್ಲ. ಅವರನ್ನು ಅಲ್ಲಿನ ಸೋಫಾದಲ್ಲಿ ಕೂರಿಸಿ ನೆಲಮಾಳಿಗೆಯ ಲಾಂಡ್ರಿಗೆ ಓಡಿದೆ. ಅಲ್ಲಿ ಬಿಳೀ ಬಟ್ಟೆಗಳ ಗುಡ್ಡಗಳ ನಡುವೆ ಲಾಂಡ್ರಿಯ ಮೇಸ್ತ್ರಿ ಜಮೀರ್ ಚಹಾ ಕುಡಿಯುತ್ತಿದ್ದ.

"ಒಂದು ಬಿಳೀ ಬಟ್ಟೆ ಕಳೆದಿದೆ," ಎಂದೆ.

"ಮಕ್ಕಾದಲ್ಲಾ ಸಾಹೇಬ್?" ಎಂದ.

ಹೆಂಗಸರ ಕಫನ್ ಎಂದರೆ ಐದು ತುಂಡು. ಮೂರು ಚಿಕ್ಕವು ಕೈವಸ್ತ್ರಗಳ ಬುಟ್ಟಿಯಲ್ಲಿ ಸಿಕ್ಕವು. ಅಚ್ಚುಕಟ್ಟಾಗಿ ಸುರುಳಿ ಸುತ್ತಿ ರಿಬ್ಬನ್ ಕಟ್ಟಿದ್ದರು. ದೊಡ್ಡವು ಎರಡು ಇರಲಿಲ್ಲ.

"ಹೊಲಿಗೆ ಇಲ್ಲ, ಹೋಟೆಲಿನ ಮುದ್ರೆ ಇಲ್ಲ, ಬಿಳೀ ಬಟ್ಟೆ ಜೋಡಿ," ಜಮೀರ್ ಬೆರಳು ಮಡಚಿ ಹೇಳಿದ. "ಇಹ್ರಾಮ್ ಅಲ್ದೆ ಇನ್ನೇನಾಗಿರುತ್ತೆ ಸಾಹೇಬ್? ಇಸ್ತ್ರಿ ಮಾಡಿ ಇಹ್ರಾಮ್ ಕಪಾಟಿಗೆ ಕಳಿಸ್ದೆ."

ಎರಡನೇ ಉಮ್ರಾ ಯಾತ್ರೆಗೆ ಹೊರಡುವ ಗಂಡಸರಿಗೆ ಉಡಲು ನಾವು ಆ ಕಪಾಟಿನಿಂದ ಈ ಯಾತ್ರೆಯ ಬಿಳಿಯುಡುಪನ್ನು ಪುಕ್ಕಟೆ ಕೊಡುತ್ತೇವೆ. ಹೋಗಿ ನೋಡಿದರೆ ಎಲ್ಲವೂ ಟವೆಲಿನಂಥ ದಪ್ಪ ಬಟ್ಟೆ. ನೀಲಿ ನೂಲಿನ ಜೋಡಿಯನ್ನು ಯಾರೋ ಆಗಲೇ ಉಟ್ಟುಕೊಂಡಾಗಿತ್ತು. ಹೊರಗೆ ಕಾಬಾದ ಸುತ್ತ ಬಿಳಿಯುಟ್ಟ ಸಾವಿರಾರು ಗಂಡಸರು ಸುತ್ತುತ್ತಿದ್ದರು. ಒಬ್ಬೊಬ್ಬರನ್ನೇ ನಿಲ್ಲಿಸಿ ಅಂಚು ನೋಡುವುದೆಂದರೆ ನಮ್ಮ ಕಂಪನಿಯೂ ಒಪ್ಪದು, ಪೊಲೀಸರೂ ಒಪ್ಪರು.

ಹಾಜಿಯಮ್ಮನಿಗೆ ಏನು ಹೇಳಲಿ ಎಂದು ಕಾಲೆಳೆಯುತ್ತ ಮೇಜಿಗೆ ಮರಳಿದೆ. ಅಲ್ಲಿ ರಾಫತ್ ಇಹ್ರಾಮ್ ಉಟ್ಟು ಬುಸುಗುಟ್ಟುತ್ತ ನಿಂತಿದ್ದ.

"ಏನ್ರೀ ಫತಾನಿ, ಇದು ಇಹ್ರಾಮೋ ಕರ್ಚೀಫೋ? ಇಷ್ಟು ದೊಡ್ಡ ಹೋಟ್ಲು, ಎರಡು ಮೊಳ ಬಟ್ಟೆಗೆ ಗತಿಯಿಲ್ವಾ? ಹೊಟ್ಟೆಗೆ ಬಂದ್ರೆ ಬೆನ್ನಿಗಿಲ್ಲ, ಬೆನ್ನಿಗೆ ಬಂದ್ರೆ ಹೊಟ್ಟೆಗಿಲ್ಲ."

ಹೊಟ್ಟೆಯ ಮೇಲೆ ಬಿಗಿಯಾಗಿ ಎಳೆದಿದ್ದ ಅಂಚಿನಲ್ಲಿ ಒಂದೆಳೆ ನೀಲಿ ನೂಲು ಹಾದುಹೋಗಿತ್ತು.

"ತಪ್ಪಾಗಿದೆ ಸಾಹೇಬ್ರೇ. ಒಳಗೆ ಬನ್ನಿ, ತಕ್ಷಣ ಬದಲಾಯಿಸಿ ಕೊಡ್ತೀನಿ."

"ಟೈಮಿಲ್ಲ, ಉಮ್ರಾ ಶುರು ಮಾಡೋಕೆ ಊರ ಗಡಿಗೆ ಹೋಗ್ಬೇಕು, ಕಾರು ನಿಂತಿದೆ. ಅಪ್ಪನ ಹೆಸ್ರಲ್ಲಿ ಉಮ್ರಾ ಮಾಡಕ್ಕೆ ಹೊರಟಿದೀನಿ."

ಅಷ್ಟರಲ್ಲಿ ಅವನ ಬೆನ್ನ ಹಿಂದೆ ಸೋಫಾದಿಂದ ಹಾಜಿಯಮ್ಮ ಎದ್ದಿದ್ದರು. ಬಂದು ಮಗನ ಎದುರು ನಿಂತರು. ಅಂಚನ್ನು ನೋಡಿದರು, ಮುಖವನ್ನು ನೋಡಿದರು. ಮಗ ಕಫನ್ ಉಟ್ಟು ನಿಂತದ್ದನ್ನು ಯಾವ ತಾಯಿಯೂ ನೋಡಬಾರದು. ಅವರ ಮುಖ ನೋಡಲಾಗದೆ ನಾನು ಕಣ್ಣು ತಗ್ಗಿಸಿದೆ.

"ಬಿಚ್ಚೋ!" ಎಂದು ಎರಡೂ ಕೈಯಿಂದ ಬಟ್ಟೆ ಹಿಡಿದೆಳೆದರು. "ಬಿಚ್ಚೋ ಅಂದ್ರೆ! ಈಗ್ಲೇ!"

ರಾಫತ್ ಸೊಂಟ ಹಿಡಿದುಕೊಂಡ. ಇಹ್ರಾಮಿನ ಕೆಳಗೆ ಬೇರೇನೂ ಇರುವುದಿಲ್ಲವೆಂದು ಲಾಬಿಯಲ್ಲಿದ್ದವರಿಗೆಲ್ಲ ಗೊತ್ತು. ಎಲ್ಲರೂ ಕಾಫಿ ಲೋಟ ಕೆಳಗಿಟ್ಟು ಬಹಳ ಭಕ್ತಿಯಿಂದ ಚಾವಣಿಯ ದೀಪದ ಗೊಂಚಲನ್ನು ನೋಡತೊಡಗಿದರು.

"ಅಮ್ಮಾ, ಏನಾಯ್ತು ನಿಂಗೆ? ಡಾಕ್ಟರನ್ನ ಕರೆಸ್ಲಾ?"

"ಅದು ನನ್ನ ಕಫನ್ ಕಣೋ! ನನಗಿಂತ ಮುಂಚೆ ನೀನುಟ್ಕೊಂಡು ಹೊರಟಿದೀಯ!"

ರಾಫತ್ ಬಾಯಿ ತೆರೆದು ಸುತ್ತಲೂ ನೋಡಿದ, ಮಾತು ಬದಲಿಸಲು ಏನಾದರೂ ಸಿಕ್ಕೀತೇ ಎಂದು. ಸಿಗಲಿಲ್ಲ. ಆ ಮಾತನ್ನೇ ಮೈಮೇಲೆ ಉಟ್ಟು ನಿಂತವನು ಎಲ್ಲಿಗೆಂದು ತಪ್ಪಿಸಿಕೊಂಡಾನು.

"ನಿಮ್ಮಪ್ಪನ್ನ ಸುತ್ತಿದ್ದೂ ಇದೇ ತಾನಿಂದು," ಎಂದರು ಹಾಜಿಯಮ್ಮ. ದನಿ ಇಳಿದಿತ್ತು.

"ನಾನು ನೋಡ್ಲಿಲ್ಲ."

"ನೀನೆಲ್ಲಿ ನೋಡ್ತೀಯ. ಇಟಲೀಲಿ ಟೈಲ್ಸ್ ಮೆಷಿನ್ ನೋಡ್ತಿದ್ದೆ. ಮಣ್ಣು ಯಾರಿಗೂ ಕಾಯಲ್ಲ."

ಅವನು ಅಂಚನ್ನು ಎರಡು ಬೆರಳ ನಡುವೆ ಹಿಡಿದು, ಅಂಗಡಿಯಲ್ಲಿ ಬಟ್ಟೆ ಕೊಳ್ಳುವವನಂತೆ ತಿಕ್ಕಿ ನೋಡುತ್ತ ನಿಂತ. ನಾನು ದಪ್ಪ ಇಹ್ರಾಮಿನ ಜೋಡಿ ತಂದು ಮುಂದೆ ಹಿಡಿದೆ. ಅದರ ಕಡೆ ತಿರುಗಲೂ ಇಲ್ಲ.

"ಅಮ್ಮಾ, ಇದನ್ನೇ ಉಟ್ಕೊಂಡು ಹೋಗಿ ಬರ್ಲಾ?"

ಹಾಜಿಯಮ್ಮ ಮೇಲಿನ ಬಟ್ಟೆಯನ್ನು ಎಳೆದು ಅವನ ಬಲ ಭುಜ ಮುಚ್ಚಿದರು. "ಭುಜ ಬಿಡೋದು ಅಲ್ಲಿ, ಕಾಬಾ ಸುತ್ತುವಾಗ. ಇಲ್ಲಿ ಏಸಿ ಇದೆ. ಹರ್ಕೊಂಡು ಬರ್ಬೇಡ, ನನ್ನ ಹತ್ರ ಬೇರೆ ಇಲ್ಲ."

ಮರುದಿನ ಬೆಳಿಗ್ಗೆ ಝಮ್‌ಝಮ್ ಬೇಕೆಂದು ಕೋಣೆಯಿಂದ ಫೋನ್ ಬಂತು. ಈ ಸಲ ಮಗನ ದನಿ. ಬೇರೆಯವರನ್ನು ಕಳಿಸುವ ಧೈರ್ಯವಾಗದೆ ಬಾಟಲಿಗಳನ್ನು ನಾನೇ ಹೊತ್ತೊಯ್ದೆ. ಉಮ್ರಾ ಮುಗಿಸಿದ ರಾಫತ್ ತಲೆ ಬೋಳಿಸಿಕೊಂಡಿದ್ದ. ಪೈಜಾಮ ಮೊಣಕಾಲಿಗೆ ಮಡಚಿ ಬಚ್ಚಲಿನ ತೊಟ್ಟಿಯ ಅಂಚಿನಲ್ಲಿ ಕೂತು ಬಟ್ಟೆ ಹಿಂಡುತ್ತಿದ್ದ. ಕರ್ಚೀಫನ್ನೂ ಒಗೆದು ಗೊತ್ತಿಲ್ಲದ ಕೈ. ನೀರೆಲ್ಲ ಮೈಮೇಲೇ ಸುರಿಯುತ್ತಿತ್ತು. ಹಾಜಿಯಮ್ಮ ಬಾಗಿಲಿಗೆ ಗಿಲೀಟಿನ ಕುರ್ಚಿ ಎಳೆದುಕೊಂಡು ಕೂತು ಮೇಸ್ತ್ರಿಕೆ ಮಾಡುತ್ತಿದ್ದರು.

"ಅಮ್ಮಾ, ಇದ್ರಲ್ಲಿ ಯಾವುದು ಕೆಳಗೆ ಬರುತ್ತೆ?"

"ಅಗಲದ್ದು ಎಲ್ಲಕ್ಕಿಂತ ಕೆಳಗೆ. ತಲೆ ಹತ್ರ ಒಂದು ಗಂಟು ಹಾಕ್ತಾರೆ. ಗೋರೀಲಿ ಮಲಗಿಸಿದ ಮೇಲೆ ಅದನ್ನ ಬಿಚ್ಬೇಕು."

"ಯಾರು ಬಿಚ್ತಾರೆ?"

"ಮಗ ಬಿಚ್ಚೋದು ಕಣೋ. ನಿಮ್ಮಪ್ಪಂದು ಪಕ್ಕದ್ಮನೆಯವ್ನು ಬಿಚ್ಚಿದ."

ರಾಫತ್ ಹಿಂಡುವುದನ್ನು ನಿಲ್ಲಿಸಿದ. ಒದ್ದೆ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅದರ ಒಂದು ತುದಿಗೆ ಗಂಟು ಹಾಕಿದ.

"ಬಿಚ್ಚೋವಾಗ ಎಡಕ್ಕೆ ಎಳೀಬೇಕಾ ಅಮ್ಮಾ, ಬಲಕ್ಕಾ?" ಎಂದು ಕೇಳಿದ.