ಕಂಬಿ ಪಕ್ಕದ ಜಾಗ

ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ನಿಂತು ಚಾದರಗಳಿಗೆ ಇಸ್ತ್ರಿ ಹಾಕುವವಳಿಗೆ ಕೂರುವ ಭಾಗ್ಯ ಸಿಗುತ್ತಿದ್ದದ್ದು ಸೈಕಲ್ಲಿನ ಮೇಲೆ ಮಾತ್ರ. ಅಲ್ಲೂ ತುಳಿಯಬೇಕಲ್ಲ, ಕರ್ಮ. ಹಾಗಾಗಿ ಸಂಜೆ ಸಿಗ್ನಲ್ಲಿನಲ್ಲಿ ಕೆಂಪು ಬಿದ್ದರೆ ಉಳಿದವರೆಲ್ಲ ಗೊಣಗುತ್ತಿದ್ದರು. ಇವಳೊಬ್ಬಳು ಮಾತ್ರ ಉಸ್ಸಪ್ಪಾ ಎಂದು ರಸ್ತೆಯಂಚಿನ ಕಬ್ಬಿಣದ ಕಂಬಿಗೆ ಕೈ ಊರಿ, ನೆಲಕ್ಕೆ ಕಾಲೂ ತಾಗಿಸದೆ ಕಣ್ಣು ಮುಚ್ಚುತ್ತಿದ್ದಳು.

ಅವತ್ತೂ ಹಾಗೇ ನಿಂತಿದ್ದಾಗ ಪಕ್ಕದಲ್ಲೊಂದು ಲಾರಿ ಬಂದು ನಿಂತಿತು. ಕಣ್ಣು ಬಿಟ್ಟು ನೋಡಿದರೆ ಗಂಡನದೇ ಲಾರಿ. ಸುಸ್ತೆಲ್ಲ ಒಂದು ಗಳಿಗೆ ಮರೆತುಹೋಯಿತು. ಮೇಲಿನ ಕನ್ನಡಿಯತ್ತ ಕೈ ಬೀಸಿ ನಕ್ಕಳು. ಹಸಿರು ಬಿದ್ದದ್ದೇ ತಡ, ಲಾರಿ ಎಡಕ್ಕೆ, ಅವಳ ಕಡೆಗೇ ತಿರುಗಿತು. ಸೈಕಲ್ ಕೈಬಿಟ್ಟು ಕಂಬಿ ಹತ್ತಿದ್ದಕ್ಕೆ ಜೀವ ಉಳಿಯಿತು. ಲಾರಿಯ ಹಿಂದಿನ ಗಾಲಿ ಸೈಕಲ್ಲಿನ ಮುಂದಿನ ಚಕ್ರವನ್ನು ಅಪ್ಪಚ್ಚಿ ಮಾಡಿಕೊಂಡು ಹೋಯಿತು. ಗಂಡ ತಿರುಗಿಯೂ ನೋಡಲಿಲ್ಲ. ಸಾವು ಮೈಸವರಿ ಹೋದದ್ದಕ್ಕಿಂತ ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು.

ಸೈಕಲ್ ಎಳೆದುಕೊಂಡು ಮನೆ ಸೇರುವಷ್ಟರಲ್ಲಿ ಕೈಕಾಲಿನಲ್ಲಿ ತ್ರಾಣವಿರಲಿಲ್ಲ. ಬಾಗಿಲಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಿದ್ದ ಗಂಡ ಚಕ್ರ ನೋಡಿ ದಡಬಡಿಸಿ ಎದ್ದ.

"ಯಾರೇ ಮಾಡಿದ್ದು? ನಂಬರ್ ನೋಡ್ಕೊಂಡ್ಯಾ? ಕಣ್ಣು ಜೇಬಲ್ಲಿಟ್ಕೊಂಡು ಗಾಡಿ ಓಡಿಸ್ತಾರೆ, ಬಡ್ಡಿಮಕ್ಳು. ಕೈಗೆ ಸಿಗ್ಲಿ, ಚರ್ಮ ಸುಲೀತೀನಿ."

"ಸುಮ್ನಿರಿ, ನಂಗೆ ಸಾಕಾಗಿದೆ," ಎಂದಳು. "ನೀವೇರೀ ಅದು. ನಿಮ್ಮನ್ನ ನೋಡಿ ನಗ್ತಾ ಇದ್ದೆ ನಾನು."

ಅವನು ಹಾಗೇ ಕುಸಿದು ಕೂತ.

"ಎಲ್ಲಿ ನಿಂತಿದ್ದೆ?"

"ಕಂಬಿ ಪಕ್ಕ. ದಿನಾ ಅಲ್ಲೇ ಅಲ್ವಾ."

"ಅಲ್ಲಿ ಆನೆ ನಿಂತ್ರೂ ನನ್ನ ಸೀಟಿಂದ ಕಾಣಲ್ಲ ಕಣೇ." ಅವಳ ಕೈ ಹಿಡಿದುಕೊಂಡು ಅತ್ತೇಬಿಟ್ಟ. "ಇನ್ಮೇಲೆ ಎಲ್ಲರಿಗಿಂತ ಮುಂದೆ ಹೋಗಿ ನಡುಮಧ್ಯ ನಿಂತ್ಕೋ. ದಾರಿಗೆ ಅಡ್ಡ ಇದ್ರೇನೇ ನಾವು ನೋಡೋದು."

"ಬೈತಾರಲ್ರೀ."

"ಬೈಲಿ. ಬೈದ್ರು ಅಂದ್ರೆ ನೀನು ಕಂಡೆ ಅಂತ."

ಹೊಸ ಚಕ್ರ ಹಾಕಿಸಿದ ಸಂಜೆ ಅವಳು ಸಿಗ್ನಲ್ಲಿನಲ್ಲಿ ಎಲ್ಲರಿಗಿಂತ ಮುಂದೆ, ರಸ್ತೆಯ ನಡುವೆ ನಿಂತಳು. ಕೈ ಊರಿಕೊಳ್ಳಲು ಏನೂ ಇರಲಿಲ್ಲ. ಬೆಳಗಿನಿಂದ ನಿಂತು ಬಾತಿದ್ದ ಕಾಲೇ ಸೈಕಲ್ಲಿನ ಭಾರವನ್ನೂ ಹೊರಬೇಕಾಯಿತು. ಹಸಿರು ಬಿದ್ದರೂ ಪೆಡಲ್ಲಿಗೆ ಕಾಲೆತ್ತಲು ತಡವಾಯಿತು. ಹಿಂದಿನ ಕಾರು ಒಂದೇ ಸಮನೆ ಹಾರ್ನ್ ಬಾರಿಸಿತು. ಕಾರಿನವನು ಕಿಟಕಿಯಿಂದ ತಲೆ ಹೊರಹಾಕಿದ.

"ಏನಮ್ಮಾ, ಮನೇಲಿ ಹೇಳಿ ಬಂದಿದೀಯಾ?"

ಪೂರ್ತಿ ತಿರುಗಿ ನೋಡಲೂ ಅವಳಿಗೆ ಶಕ್ತಿಯಿರಲಿಲ್ಲ.

"ಹೂಂನಪ್ಪಾ," ಎಂದಳು. "ಮನೇಲೇ ಹೇಳಿ ಕಳಿಸಿದ್ದಾರೆ, ಇಲ್ಲೇ ನಿಂತ್ಕೋ ಅಂತ."