ಹಿತ್ತಾಳೆ ಕೋಲು ಸವೆದ ಬಗೆ

ಮಹಾಬಳೇಶ್ವರ ಸರ್ ಚಹಾ ಬೇಡವೆಂದಾಗಲೇ ಅವ್ವನ ಮುಖ ಇಳಿಯಿತು. ಹುಬ್ಬಳ್ಳಿಯ ಕಂಪನಿಯಿಂದ ನಮಗೆ ಕೆಲಸ ತಂದುಕೊಡುವವರು ಅವರು. ಶಾಲೆಯ ಮಕ್ಕಳು ಜೋಡಿಸಿ ಹಾರಿಸುವ ಆಟಿಕೆ ರಾಕೆಟ್ಟಿಗೆ ಬೇಕಾದ ಕಾಗದದ ಕೊಳವೆಗಳನ್ನು ಅವ್ವ ದಾಂಡೇಲಿಯ ನಮ್ಮ ಪಡಸಾಲೆಯಲ್ಲಿ ಕೂತು ಮಾಡುತ್ತಿದ್ದಳು. ಕಂಪನಿ ಕೊಟ್ಟ ಹೆಬ್ಬೆರಳು ದಪ್ಪದ ಹಿತ್ತಾಳೆ ಕೋಲಿಗೆ ಅಂಟು ಸವರಿದ ಕಾಗದ ಸುತ್ತಿ, ಮೆಲ್ಲಗೆ ಜಾರಿಸಿ ತೆಗೆದರೆ ಒಂದು ಕೊಳವೆ. ನಾನು ಅಂಚು ಕತ್ತರಿಸುತ್ತಿದ್ದೆ, ಪಕ್ಕದ ಮನೆಯ ಈರಕ್ಕ ಒಣಹಾಕುತ್ತಿದ್ದಳು.

"ಶೈಲಾ, ಇದನ್ನಿಷ್ಟು ನೋಡವಾ," ಎಂದು ಸರ್ ನನ್ನ ಕೈಗೆ ಫೋನು ಕೊಟ್ಟರು.

ವಿಡಿಯೋದಲ್ಲಿ ಹಳಿಯಾಳದ ಕಡೆಯ ಯಾವುದೋ ಬಯಲು. ಕೆಂಪು ರಾಕೆಟ್ಟು ಸುಂಯ್ ಎಂದು ಎದ್ದಿತು. ಅದರ ಮೈಯೇ ಅವ್ವ ಸುತ್ತಿದ ಕೊಳವೆ. ನನ್ನ ಅಜ್ಜಿ, ನಮ್ಮ ಆಯಿ, ಹೇಳುತ್ತಿದ್ದ ಕಥೆಗಳಲ್ಲಿ ಆಕಾಶಕ್ಕೆ ಹೋದವರು ಯಾರೂ ಬೀಳುತ್ತಿರಲಿಲ್ಲ. ಮೋಡದ ಮನೆಯಲ್ಲಿ ಉಂಡು, ಮಲಗಿ, ಬೇಸರವಾದಾಗ ಇಳಿದು ಬರುತ್ತಿದ್ದರು.

"ಏನ ಛಂದ ಎದ್ದೈತ್ರಿ," ಎಂದಳು ಈರಕ್ಕ. "ನಮ್ಮನಿಯವರು ಮುಂಜಾನೆ ಹಾಸಿಗಿ ಬಿಟ್ಟು ಇಷ್ಟ ಲಗೂನ ಎದ್ದಿದ್ರ ನನ್ನ ಹಣೇಬರಾನ ಬ್ಯಾರೆ ಇರ್ತಿತ್ತು."

ರಾಕೆಟ್ಟು ತುದಿ ಮುಟ್ಟಿ, ತಲೆ ಕೆಳಗಾಗಿ, ಹಾಗೇ ಬಂತು. ಮೇಲೆ ಹೋದ ಮೇಲೆ ಒಳಗಿನ ಮದ್ದು ಇನ್ನೊಮ್ಮೆ ಹೊಗೆಯುಗುಳುತ್ತದೆ. ಆ ರಭಸಕ್ಕೆ ಕೊಳವೆಯ ಬಾಯಿಗೆ ತುರುಕಿದ ಪ್ಲಾಸ್ಟಿಕ್ ಟೊಪ್ಪಿಗೆ ಕಳಚಿ, ಒಳಗೆ ಮಡಚಿಟ್ಟ ಛತ್ರಿ ಬಿಚ್ಚಿಕೊಂಡು, ರಾಕೆಟ್ಟು ಮೆಲ್ಲಗೆ ಇಳಿಯಬೇಕು. ಟೊಪ್ಪಿಗೆ ಕಳಚಲಿಲ್ಲ. ಸಾಲಾಗಿ ಕೂತಿದ್ದ ಹುಡುಗಿಯರ ಪಕ್ಕದಲ್ಲೇ ಅದು ನೆಲಕ್ಕೆ ನಾಟಿಕೊಂಡಿತು. ಒಬ್ಬಳು ಶಾಲೆಯ ಪಾಟೀಚೀಲ ತಬ್ಬಿಕೊಂಡು ಅಳುತ್ತಿದ್ದಳು.

"ಟೊಪಗಿ ಮಾಡೂದು ನಾವಲ್ಲರಿ," ಎಂದಳು ಅವ್ವ.

"ಟೊಪಗಿ ಬರೋಬ್ಬರಿ ಐತಿ ಕೆಂಚವ್ವಾರ. ಕೊಳವಿ ಬಾಯಿ ಸಣ್ಣ ಆಗ್ಯಾವ. ಸಾಲಿ ಮಾಸ್ತರು ಟೊಪಗಿ ಒಳಗ ಹೋಗವಲ್ದು ಅಂತ ಪಾಲಿಶ್ ಪೇಪರಿನಿಂದ ತಿಕ್ಕಿ ತುರುಕ್ಯಾರ. ಹೋತು, ಆದ್ರ ಹೊರಗ ಬರಲಿಲ್ಲ."

ಸರ್ ಜೇಬಿನಿಂದ ಅಳತೆಯ ಸಾಧನ ತೆಗೆದು ಕೋಲಿನ ಮೇಲೆ ಅಲ್ಲಲ್ಲಿ ಹಿಡಿದರು. ಉದ್ದಕ್ಕೂ ಒಂದೇ ಸಮ, ದಪ್ಪ ಕೂದಲೆಳೆಯಷ್ಟು ಕಡಿಮೆ.

"ಕಾಗದ ಸುತ್ತಿದ್ರ ಹಿತ್ತಾಳಿ ಹಿಂಗ ಸವಿಯೂದಿಲ್ಲ. ಏನ್ ಮಾಡ್ತಿದ್ರಿ ಇದಕ್ಕ?"

"ಏನ್ ಮಾಡಲಿರಿ. ಸೋಮವಾರಕ್ಕೊಮ್ಮೆ ದೇವರ ಸಾಮಾನಿನ ಜೋಡಿ ಹುಣಸಿಹಣ್ಣು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿ, ಇಭೂತಿ ಹಚ್ಚಿ ದೇವರ ಜಗಲಿ ಮ್ಯಾಲೆ ಇಡ್ತೇನಿ." ಅವ್ವನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. ಹೇಳಿ ಮುಗಿಸಿದ ಮೇಲೆ ಅದು ಇರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ಮೊದಲ ಬಸ್ಸಿಗೆ ಗಣೇಶಗುಡಿಗೆ ಹೋಗಿ, ನದಿಗೆ ಆಟವಾಡಲು ಬರುವವರ ಹೋಂಸ್ಟೇಗಳಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಸೋಪಿನ ಪುಡಿಯ ನೀರಿಗೆ ಬೆರಳ ಸಂದುಗಳು ಬಿರಿದು ರೊಟ್ಟಿ ಬಡಿಯಲೂ ಆಗುತ್ತಿರಲಿಲ್ಲ. ಈ ಕೋಲು ಬಂದ ಮೇಲೆ ಅವಳು ಮನೆಯಲ್ಲಿ ಉಳಿದಳು. ತನ್ನನ್ನು ಮನೆಗೆ ಕರೆತಂದದ್ದನ್ನು ದೇವರ ಪಕ್ಕದಲ್ಲಿಡದೆ ಇನ್ನೆಲ್ಲಿಡುತ್ತಾಳೆ?

"ತಿಕ್ಕಬಾರದಂತ ಯಾರೂ ಹೇಳಲಿಲ್ಲರಿ."

"ತಿಕ್ತಾರಂತ ಯಾರಿಗೆ ಗೊತ್ತಿತ್ರಿ," ಎಂದರು ಸರ್.

ನನಗೊಂದು ಆಸೆ ಹುಟ್ಟಿತು. ಕೋಲಿಗೆ ತೆಳು ಕಾಗದದ ಒಂದು ಸುತ್ತು ಅಂಟಿಸಿದೆ, ಸವೆದದ್ದು ತುಂಬಿಕೊಳ್ಳಲೆಂದು. ಅದರ ಮೇಲೆ ಅವ್ವ ಕೊಳವೆ ಸುತ್ತಿದಳು. ಸರ್ ತಂದಿದ್ದ ಟೊಪ್ಪಿಗೆ ಹಾಕಿ ಕೆಳಗಿನಿಂದ ಊದಿದೆ. ಟಪ್ಪೆಂದು ಹಾರಿ ಈರಕ್ಕನ ಮಡಿಲಿಗೆ ಬಿತ್ತು.

"ಹಾರ್ತಲ್ಲ," ಎಂದು ಈರಕ್ಕ ಅದನ್ನು ಎತ್ತಿ ತೋರಿಸಿದಳು. ಅವ್ವ ಆಗಲೇ ಇನ್ನೊಂದಕ್ಕೆ ಅಂಟು ಸವರುತ್ತಿದ್ದಳು.

ಎರಡನೆಯದು ಜಾರಲಿಲ್ಲ. ಎಳೆದಾಗ ನಾನು ಅಂಟಿಸಿದ ಕಾಗದ ತೊಯ್ದು ಮುದ್ದೆಯಾಗಿ ಅದರ ಜೊತೆಗೇ ಕಿತ್ತುಬಂತು. ಮತ್ತೆ ಅಂಟಿಸಿದೆ. ಈ ಸಲ ಕೊಳವೆಯೇ ಹರಿಯಿತು. ಸರ್ ಅವಸರ ಮಾಡಲಿಲ್ಲ, ನೋಡುತ್ತ ಕೂತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

"ಒಂದು ಬರೋಬ್ಬರಿ ಆದ್ರ ಸಾಲೂದಿಲ್ಲವಾ ತಂಗಿ," ಎಂದರು ಕೊನೆಗೆ. "ಯಾವ ಹುಡುಗರ ಕೈಗೆ ಯಾವುದು ಹೋಗ್ತೈತೋ. ಎಲ್ಲಾ ಒಂದ ನಮೂನಿ ಇರಬೇಕು."

"ಹೊಸಾ ಕೋಲು ಕೊಡ್ರಿ," ಎಂದಳು ಅವ್ವ. "ಅದನ್ನ ಮುಟ್ಟೂದ ಇಲ್ಲ. ಅರಿವ್ಯಾಗ ಸುತ್ತಿ ಇಡ್ತೇನಿ."

"ಕಂಪನಿಯವರು ಕೊಳವಿ ಪುಣೆದಾಗ ಮಷೀನಿನ ಮ್ಯಾಲೆ ಮಾಡ್ಸಾಕ ಹತ್ಯಾರವ್ವಾ. ನಾ ಕೋಲು ಒಯ್ಯಾಕ ಅಂತನ ಬಂದೇನಿ."

ಅವ್ವ ಎದ್ದಳು. ಕೋಲಿಗೆ ಹತ್ತಿದ್ದ ಅಂಟನ್ನು ಸೆರಗಿನಿಂದ ಒರೆಸಲು ಹೋಗಿ, ನಡುವೆಯೇ ನಿಲ್ಲಿಸಿ, ಅಂಟಿದ್ದಂತೆಯೇ ಕೊಟ್ಟಳು.

ಕಂಪನಿ ಬೇಡವೆಂದ ಕೊಳವೆಗಳು ಮೂಲೆಯಲ್ಲಿ ರಾಶಿ ಇದ್ದವು. ಮರುದಿನ ನಸುಕಿನಲ್ಲಿ ಅವ್ವ ಅವನ್ನು ಮಡಿಲು ತುಂಬ ತಂದು ಬಚ್ಚಲ ಒಲೆಗೆ ಹಾಕಿದಳು. ಎಂಥ ನೆಟ್ಟಗಿನ ಕೊಳವೆಗಳು, ಒಂದಕ್ಕೂ ಸುಕ್ಕಿಲ್ಲ. ಗಾಳಿ ಎಳೆದುಕೊಂಡು ಭಗ್ಗನೆ ಹತ್ತಿ, ಅಷ್ಟೇ ಬೇಗ ಬೂದಿಯಾಗುತ್ತಿದ್ದವು. ನಾನು ಹಂಡೆಯೊಳಗೆ ಕೈಯಿಟ್ಟು ನೋಡಿದೆ. ರಾಶಿ ಮುಗಿದಿತ್ತು, ನೀರು ಇನ್ನೂ ತಣ್ಣಗೇ ಇತ್ತು.

"ಇನ್ನೊಂದೀಟು ಕಟಗಿ ತರಲೇನವ್ವಾ?"

"ಬ್ಯಾಡ. ಗಣೇಶಗುಡಿ ಬಸ್ಸು ತಪ್ತೈತಿ," ಎಂದು ಅವ್ವ ಅದೇ ತಣ್ಣೀರನ್ನು ಮೈಮೇಲೆ ಸುರಿದುಕೊಂಡಳು.